ತಿಂಗಳಿಗೆ 179 ರೂಪಾಯಿ 20 ಪೈಸೆ: ಶಾ ಬಾನೊ ಪ್ರಕರಣದ ಲೆಕ್ಕ

ಮೊದಲು ಆ 20 ಪೈಸೆಯನ್ನು ನೋಡಿ. 1980ರ ಜುಲೈನಲ್ಲಿ ಮಧ್ಯಪ್ರದೇಶ ಹೈಕೋರ್ಟು ಇಂದೋರಿನ ಒಬ್ಬ ವಿಚ್ಛೇದಿತ ಮಹಿಳೆಗೆ ಆಕೆಯ ಮಾಜಿ ಪತಿ ತಿಂಗಳಿಗೆ 179 ರೂಪಾಯಿ 20 ಪೈಸೆ ಕೊಡಬೇಕೆಂದು ಆದೇಶಿಸಿತು. ಸುಮಾರು ಐದು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದೂ ಇದೇ ಮೊತ್ತವನ್ನು. ಸರ್ಕಾರವನ್ನು ಅಲುಗಾಡಿಸಿದ, ಸಂಸತ್ತಿನಿಂದ ಹೊಸ ಕಾಯ್ದೆಯನ್ನೇ ಹೊರಡಿಸಿದ ಶಾ ಬಾನೊ ಪ್ರಕರಣದಲ್ಲಿ ಕೈಬದಲಾಗಬೇಕಿದ್ದ ಹಣ ಇಷ್ಟು.

ನಾನು ಹಲವು ವರ್ಷಗಳಿಂದ ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶದ ಅರ್ಜಿಗಳನ್ನು ನಡೆಸುತ್ತಿರುವ ವಕೀಲೆ. ಕಾನೂನು ಕಾಲೇಜಿನಲ್ಲಿ ಈ ತೀರ್ಪನ್ನು ಓದಿದಾಗ ಏಕರೂಪ ನಾಗರಿಕ ಸಂಹಿತೆಯ ಕುರಿತ ಪ್ಯಾರಾಕ್ಕೆ ಮಾತ್ರ ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಕೇಳುತ್ತಿದ್ದುದು ಅದನ್ನೇ. ಕಕ್ಷಿದಾರರ ಎದುರು ಕುಳಿತು ಮನೆ ಬಾಡಿಗೆ ಎಷ್ಟು, ಮಾತ್ರೆಗೆ ಎಷ್ಟು, ಹಾಲಿಗೆ ಎಷ್ಟು ಎಂದು ಬರೆದುಕೊಳ್ಳತೊಡಗಿದ ಮೇಲೆ ಅದೇ ತೀರ್ಪನ್ನು ಮತ್ತೆ ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಬೇರೆಯೇ ಸಾಲುಗಳು. ತೀರ್ಪಿನ ಮೊದಲ ವಾಕ್ಯವೇ, ಈ ಮೇಲ್ಮನವಿಯಲ್ಲಿ ಸಂವಿಧಾನದ ಮಹತ್ವದ ಪ್ರಶ್ನೆ ಯಾವುದೂ ಇಲ್ಲ ಎಂದು ಹೇಳುತ್ತದೆ. ಹಾಗೆಂದು ಮಹತ್ವದ ಪ್ರಶ್ನೆಯೇ ಇಲ್ಲವೆಂದಲ್ಲ ಎಂಬ ಮಾತೂ ಅದರ ಬೆನ್ನಿಗೇ ಇದೆ. ಆ ಎರಡು ಮಾತುಗಳನ್ನು ನಂಬಿ, ಧರ್ಮ ಮತ್ತು ರಾಜಕೀಯದ ಗದ್ದಲವನ್ನು ತುಸು ಬದಿಗಿಟ್ಟು, ಇದನ್ನು ಜೀವನಾಂಶದ ಒಂದು ಅರ್ಜಿಯಾಗಿ ಇಲ್ಲಿ ಓದುತ್ತಿದ್ದೇನೆ.

ಸಂಗತಿಗಳು

ಶಾ ಬಾನೊ ಮತ್ತು ಮೊಹಮ್ಮದ್ ಅಹ್ಮದ್ ಖಾನ್ ಅವರ ಮದುವೆ ನಡೆದದ್ದು 1932ರಲ್ಲಿ. ಪತಿ ಇಂದೋರಿನಲ್ಲಿ ವಕೀಲರು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಈ ನಡುವೆ ಪತಿ ಇನ್ನೊಂದು ಮದುವೆಯನ್ನೂ ಆಗಿದ್ದರು. 1975ರಲ್ಲಿ, ಅಂದರೆ 43 ವರ್ಷಗಳ ಸಂಸಾರದ ನಂತರ, ಅವರು ಶಾ ಬಾನೊ ಅವರನ್ನು ಮನೆಯಿಂದ ಹೊರಹಾಕಿದರು. 1978ರ ಏಪ್ರಿಲ್‌ನಲ್ಲಿ ಆಕೆ ಇಂದೋರಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಎದುರು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಅರ್ಜಿ ಹಾಕಿದರು. ಕೇಳಿದ್ದು ತಿಂಗಳಿಗೆ 500 ರೂಪಾಯಿ. ಆಗ ಆಕೆಗೆ ಅರವತ್ತು ದಾಟಿತ್ತು.

ಆ 500 ಎಂಬ ಅಂಕಿ ಎಲ್ಲಿಂದ ಬಂತು? ಪತಿಯ ವಾರ್ಷಿಕ ಆದಾಯ ಸುಮಾರು 60,000 ರೂಪಾಯಿ ಎಂದು ಆಕೆ ಅರ್ಜಿಯಲ್ಲಿ ಹೇಳಿದ್ದರು. ಅಂದರೆ ತಿಂಗಳಿಗೆ 5,000. ಅದರ ಹತ್ತರಲ್ಲೊಂದು ಭಾಗವನ್ನಷ್ಟೇ ಆಕೆ ಕೇಳಿದಂತಾಯಿತು. ಇದು ವಿನಯವೂ ಅಲ್ಲ, ಮುಗ್ಧತೆಯೂ ಅಲ್ಲ. ಆ ಕಲಮಿನಡಿ ಮ್ಯಾಜಿಸ್ಟ್ರೇಟರು ಕೊಡಬಹುದಾಗಿದ್ದ ಗರಿಷ್ಠ ಮೊತ್ತವೇ 500 ರೂಪಾಯಿ. 1955ರಲ್ಲಿ ನಿಗದಿಯಾದ ಆ ಮಿತಿ 1973ರ ಹೊಸ ಸಂಹಿತೆಯಲ್ಲೂ ಹಾಗೆಯೇ ಉಳಿದು, 2001ರ ತಿದ್ದುಪಡಿಯವರೆಗೆ ಅಲುಗಲಿಲ್ಲ. ಅಕ್ಕಿಯ ಬೆಲೆ ಏರಿತು, ಬಾಡಿಗೆ ಏರಿತು, ಸಂಬಳ ಏರಿತು. ಬಿಟ್ಟ ಹೆಂಡತಿಯ ಹೊಟ್ಟೆಗೆ ಕಾನೂನು ಕಟ್ಟಿದ ಬೆಲೆ ಮಾತ್ರ ಸುಮಾರು 46 ವರ್ಷ ಒಂದೇ ಆಗಿತ್ತು. ಈ ಪ್ರಕರಣದ ಬಗ್ಗೆ ನಡೆದ ಅಷ್ಟೊಂದು ಚರ್ಚೆಯಲ್ಲಿ ಈ ಮಿತಿಯ ಬಗ್ಗೆ ಸಿಟ್ಟಾದವರು ಎಷ್ಟು ಕಡಿಮೆ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಅರ್ಜಿ ವಿಚಾರಣೆಯಲ್ಲಿದ್ದಾಗಲೇ, 1978ರ ನವೆಂಬರ್ 6ರಂದು, ಪತಿ ಹಿಂತೆಗೆಯಲಾಗದ ತಲಾಖ್ ಕೊಟ್ಟರು. ಈ ತಾರೀಕನ್ನು ಯಾವ ವಕೀಲನೂ ಕಣ್ಣು ತಪ್ಪಿಸಿ ಮುಂದೆ ಹೋಗಲಾರ. ಬಿಟ್ಟು ಮೂರು ವರ್ಷವಾದರೂ ಕೊಡದಿದ್ದ ತಲಾಖ್, ಜೀವನಾಂಶದ ಅರ್ಜಿ ಬಿದ್ದ ಏಳು ತಿಂಗಳೊಳಗೆ ಬಂತು. ಬಂದಮೇಲೆ ಅದೇ ಮುಖ್ಯ ತಕರಾರೂ ಆಯಿತು. ಈಕೆ ಈಗ ನನ್ನ ಹೆಂಡತಿಯಲ್ಲ, ಆದ್ದರಿಂದ ನಾನು ಸಾಕಬೇಕಾಗಿಲ್ಲ. ಸುಮಾರು ಎರಡು ವರ್ಷ ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟಿದ್ದೇನೆ. ಇದ್ದತ್ ಅವಧಿಯಲ್ಲಿ 3,000 ರೂಪಾಯಿ ಮೆಹರನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟಿದ್ದೇನೆ. ಅವರ ಉತ್ತರದ ಸಾರ ಇದು. ಇದ್ದತ್ ಎಂದರೆ ತಲಾಖ್ ನಂತರ ಹೆಂಡತಿ ಮರುಮದುವೆಯಾಗದೆ ಕಾಯಬೇಕಾದ ಅವಧಿ, ಮೆಹರ್ ಎಂದರೆ ಮದುವೆಗಾಗಿ ಗಂಡ ಹೆಂಡತಿಗೆ ಕೊಡಲೊಪ್ಪುವ ಹಣ.

ಇಲ್ಲಿ ಒಂದು ಮಾತು ಹೇಳಲೇಬೇಕು. ನೋಟಿಸು ಕೈಗೆ ಬಂದಮೇಲೆ ಸಂಬಂಧವನ್ನೋ ಆಸ್ತಿಯನ್ನೋ ಕರಗಿಸುವ ಗಂಡಸರು ಯಾವ ಒಂದು ಧರ್ಮಕ್ಕೂ ಸೇರಿದವರಲ್ಲ. ಜಮೀನನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿದವರು, ಅಂಗಡಿಯ ಪರವಾನಗಿಯನ್ನು ತಾಯಿಯ ಹೆಸರಿಗೆ ತಿರುಗಿಸಿದವರು, ಕೆಲಸಕ್ಕೆ ರಾಜೀನಾಮೆ ಕೊಟ್ಟು ಆದಾಯ ಸೊನ್ನೆ ಎಂದು ಪ್ರಮಾಣ ಮಾಡಿದವರು ನನ್ನ ಕಡತಗಳಲ್ಲಿ ಎಲ್ಲ ಜಾತಿ ಮತಗಳಿಂದಲೂ ಇದ್ದಾರೆ. ಖಾನ್ ಅವರ ಕೈಯಲ್ಲಿದ್ದ ಸಾಧನ ತಲಾಖ್, ಅಷ್ಟೇ.

25 ರೂಪಾಯಿ

1979ರ ಆಗಸ್ಟ್‌ನಲ್ಲಿ ಮ್ಯಾಜಿಸ್ಟ್ರೇಟರು ತಿಂಗಳಿಗೆ 25 ರೂಪಾಯಿ ಕೊಡಿ ಎಂದರು. ಆಕೆ ಹೇಳಿದ ಆದಾಯದ ಶೇಕಡ ಅರ್ಧ. ಸುಪ್ರೀಂ ಕೋರ್ಟು ತನ್ನ ತೀರ್ಪಿನಲ್ಲಿ ಇದನ್ನು ರಾಜೋಚಿತ ಮೊತ್ತ ಎಂದು ಕರೆಯಿತು. ಸಂಗತಿಗಳನ್ನಷ್ಟೇ ಒಪ್ಪಿಸುವ ಆ ಪ್ಯಾರಾದಲ್ಲಿ ನ್ಯಾಯಮೂರ್ತಿಗಳ ಕೋಪ ಹೊರಗೆ ಇಣುಕುವುದು ಆ ಒಂದು ಪದದಲ್ಲಿ. ಶಾ ಬಾನೊ ಪುನರ್‌ಪರಿಶೀಲನಾ ಅರ್ಜಿಯೊಂದಿಗೆ ಹೈಕೋರ್ಟಿಗೆ ಹೋದರು. ಅಲ್ಲಿ 25 ರೂಪಾಯಿ 179 ರೂಪಾಯಿ 20 ಪೈಸೆಯಾಯಿತು. ಆಕೆ ಹೇಳಿದ ಆದಾಯದಲ್ಲಿ ಸುಮಾರು ಇಪ್ಪತ್ತೆಂಟರಲ್ಲೊಂದು ಪಾಲು. ಇದನ್ನೂ ಕೊಡಲೊಪ್ಪದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಪತಿ. ಅಲ್ಲಿ ಮೇಲ್ಮನವಿದಾರರು ಅವರೊಬ್ಬರೇ ಎಂಬುದನ್ನು ನೆನಪಿಡಿ. ಕೊನೆಯಲ್ಲಿ ಇದು ಬೇಕಾಗುತ್ತದೆ.

ಜೀವನಾಂಶ ಕೇಳುವವರು 125ನೇ ಕಲಮಿನಡಿ ಮೂರು ಸಂಗತಿಗಳನ್ನು ತೋರಿಸಬೇಕು. ತನ್ನನ್ನು ತಾನು ಸಾಕಿಕೊಳ್ಳಲು ಆಗುತ್ತಿಲ್ಲ, ಎದುರಿನವರಿಗೆ ಸಾಕಷ್ಟು ಸಂಪಾದನೆ ಇದೆ, ಹಾಗಿದ್ದೂ ಅವರು ನಿರ್ಲಕ್ಷಿಸಿದ್ದಾರೆ. ಮೊದಲನೆಯದೂ ಮೂರನೆಯದೂ ಹೆಚ್ಚು ಕಷ್ಟವಲ್ಲ. ಎಲ್ಲ ಪ್ರಕರಣಗಳೂ ಸಿಕ್ಕಿಕೊಳ್ಳುವುದು ಎರಡನೆಯದರಲ್ಲಿ. ಸರ್ಕಾರಿ ನೌಕರನಾದರೆ ಸಂಬಳದ ಚೀಟಿ ತರಿಸಬಹುದು. ವಕೀಲ, ವ್ಯಾಪಾರಿ, ಗುತ್ತಿಗೆದಾರನಾದರೆ ಅವನ ಆದಾಯ ಅವನಿಗೆ ಮಾತ್ರ ಗೊತ್ತು. ಹೆಂಡತಿ ಅಂದಾಜಿನ ಅಂಕಿ ಹೇಳುತ್ತಾಳೆ, ಗಂಡ ಅಲ್ಲಗಳೆಯುತ್ತಾನೆ. ಪಾಟಿ ಸವಾಲಿನಲ್ಲಿ ‘ನಿಮ್ಮ ಬಳಿ ದಾಖಲೆ ಇದೆಯೇ?’ ಎಂಬ ಪ್ರಶ್ನೆ ಬರುತ್ತದೆ. ಮನೆಯ ಬೀರುವಿನ ಬೀಗದ ಕೈಯನ್ನು ಒಮ್ಮೆಯೂ ಹಿಡಿಯದ ಹೆಂಗಸು ಏನು ದಾಖಲೆ ತಂದಾಳು?

ಇಂದು ಈ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು. 2017ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಗಂಡನ ನಿವ್ವಳ ಸಂಬಳದ ಶೇಕಡ 25ರಷ್ಟು ನ್ಯಾಯೋಚಿತ ಎಂದಿತ್ತು. ಇದು ಕಡ್ಡಾಯ ಸೂತ್ರವೇನೂ ಅಲ್ಲ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಆಗುತ್ತದೆ. ಆದರೂ ಆ ಅಳತೆಯನ್ನು ಶಾ ಬಾನೊ ಅವರ ಲೆಕ್ಕಕ್ಕೆ ಹಿಡಿದು ನೋಡಿದರೆ ತಿಂಗಳಿಗೆ 1,250 ರೂಪಾಯಿ ಬರುತ್ತದೆ. ಕಾನೂನಿನ ಮಿತಿ 500. ಸಿಕ್ಕಿದ್ದು 179.20.

ಮೆಹರ್ ಎಂದರೆ ಏನು ಎಂಬ ಪ್ರಶ್ನೆ

ಸುಪ್ರೀಂ ಕೋರ್ಟಿನ ಮುಂದಿದ್ದ ಕಾನೂನಿನ ತೊಡಕು ನಿಜಕ್ಕೂ ಸಣ್ಣ ಜಾಗದಲ್ಲಿತ್ತು. 1973ರ ಸಂಹಿತೆ ‘ಹೆಂಡತಿ’ ಎಂಬ ಪದಕ್ಕೆ ಒಂದು ವಿವರಣೆ ಸೇರಿಸಿತ್ತು: ವಿಚ್ಛೇದಿತಳಾಗಿ ಮರುಮದುವೆಯಾಗದ ಮಹಿಳೆಯೂ ಈ ಕಲಮಿನ ಮಟ್ಟಿಗೆ ಹೆಂಡತಿಯೇ. ಹಾಗಾದರೆ ತಲಾಖ್ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಆದರೆ 127ನೇ ಕಲಮಿನ ಮೂರನೆಯ ಉಪಕಲಮು ಒಂದು ಹೊರದಾರಿ ಬಿಟ್ಟಿತ್ತು. ವೈಯಕ್ತಿಕ ಕಾನೂನಿನ ಪ್ರಕಾರ ವಿಚ್ಛೇದನದ ಸಂದರ್ಭದಲ್ಲಿ ಸಲ್ಲಬೇಕಾದ ಪೂರ್ತಿ ಮೊತ್ತವನ್ನು ಆಕೆ ಪಡೆದಿದ್ದರೆ ಜೀವನಾಂಶದ ಆದೇಶವನ್ನು ರದ್ದುಮಾಡಬೇಕು. ಮೆಹರ್ ಕೊಟ್ಟಿದ್ದೇನೆ, ಇದ್ದತ್ತಿನ ಖರ್ಚು ಕೊಟ್ಟಿದ್ದೇನೆ, ಸಲ್ಲಬೇಕಾದದ್ದು ಸಂದಿದೆ ಎಂಬುದು ಪತಿಯ ವಾದ.

ಇದೇ ಪ್ರಶ್ನೆ ಅದಕ್ಕೂ ಮೊದಲು ಎರಡು ಬಾರಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಎರಡೂ ಬಾರಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಮಹಿಳೆಯ ಪರವಾಗಿ ತೀರ್ಪು ಬರೆದಿದ್ದರು. ಕೊಟ್ಟ ಮೊತ್ತ ಆಕೆಯ ಬದುಕಿಗೆ ಆಧಾರವಾಗುವಷ್ಟು ಇರಬೇಕು, ಕಣ್ಣಿಗೆ ಮಣ್ಣೆರಚುವ ಪುಡಿಗಾಸು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ನಿಲುವಿನ ಸಾರ. ಖಾನ್ ಅವರ ಮೇಲ್ಮನವಿ ಮೊದಲು ಬಂದದ್ದು ನ್ಯಾಯಮೂರ್ತಿಗಳಾದ ಮುರ್ತಜಾ ಫಜಲ್ ಅಲಿ ಮತ್ತು ಎ. ವರದರಾಜನ್ ಅವರ ಮುಂದೆ. ಆ ಹಿಂದಿನ ತೀರ್ಪುಗಳನ್ನು ಮರುಪರಿಶೀಲಿಸಬೇಕೆಂದು ಅವರಿಗೆ ಅನ್ನಿಸಿ, 1981ರ ಫೆಬ್ರುವರಿಯಲ್ಲಿ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದರು. ಒಂದು ಜೀವನಾಂಶದ ಜಗಳ ಸಾಂವಿಧಾನಿಕ ಪೀಠದಷ್ಟು ಗಾತ್ರದ ಪೀಠದ ಎದುರು ನಿಂತದ್ದು ಹೀಗೆ. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ ಜಮೀಯತ್ ಉಲೇಮಾ ಎ ಹಿಂದ್ ಕೂಡ ಪತಿಯ ಬದಿಯಲ್ಲಿ ಮಧ್ಯಪ್ರವೇಶಿಸಿದವು. ಶಾ ಬಾನೊ ಪರವಾಗಿ ವಾದಿಸಿದವರಲ್ಲಿ ಹಿರಿಯ ವಕೀಲ ದಾನಿಯಲ್ ಲತೀಫಿ ಇದ್ದರು.

1985ರ ಏಪ್ರಿಲ್ 23ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರು ಪೀಠದ ಪರವಾಗಿ ತೀರ್ಪು ಕೊಟ್ಟರು. ಮೆಹರಿನ ಕುರಿತ ಅವರ ತರ್ಕ ತೀರ್ಪಿನ ಬಹು ಸ್ವಚ್ಛವಾದ ಭಾಗ. ಮೆಹರ್ ಎನ್ನುವುದು ಮದುವೆಗಾಗಿ, ಹೆಂಡತಿಯ ಗೌರವದ ಗುರುತಾಗಿ ಗಂಡ ಒಪ್ಪಿಕೊಳ್ಳುವ ಹಣ. ಗೌರವಕ್ಕೆಂದು ಕೊಟ್ಟದ್ದು ಬಿಟ್ಟುಬಿಡುವುದಕ್ಕೆ ಕೊಟ್ಟ ಹಣ ಆಗುವುದು ಹೇಗೆ? ಮೆಹರಿನ ಒಂದು ಭಾಗವನ್ನು ಮುಂದಕ್ಕೆ ಹಾಕಿ ತಲಾಖ್ ಅಥವಾ ಸಾವಿನ ಹೊತ್ತಿಗೆ ಕೊಡುವ ರೂಢಿ ಇದೆ ನಿಜ. ಅದು ಹಣ ಸಂದಾಯವಾಗುವ ಹೊತ್ತನ್ನು ಹೇಳುತ್ತದೆಯೇ ಹೊರತು ಯಾತಕ್ಕಾಗಿ ಸಂದಾಯವಾಯಿತು ಎಂಬುದನ್ನಲ್ಲ. ಆದ್ದರಿಂದ ಮೆಹರ್ ಕೊಟ್ಟೆ ಎಂಬ ಕಾರಣಕ್ಕೆ 127ನೇ ಕಲಮಿನ ಬಾಗಿಲು ತೆರೆಯುವುದಿಲ್ಲ. ಹಾಗೆ ನೋಡಿದರೂ, 3,000 ರೂಪಾಯಿ ಎಂದರೆ 179.20ರ ಲೆಕ್ಕದಲ್ಲಿ ಹದಿನೇಳು ತಿಂಗಳಿಗೂ ಸಾಲದು.

ಆಮೇಲೆ ಪೀಠ, ಕುರಾನಿನ ಎರಡನೆಯ ಅಧ್ಯಾಯದ 241 ಮತ್ತು 242ನೇ ವಚನಗಳನ್ನು ಉಲ್ಲೇಖಿಸಿ, ವಿಚ್ಛೇದಿತ ಪತ್ನಿಗೆ ಜೀವನೋಪಾಯ ಒದಗಿಸುವ ಹೊಣೆ ಇಸ್ಲಾಮಿನಲ್ಲೂ ಇದೆ ಎಂದು ಹೇಳಿತು. ಏಕರೂಪ ನಾಗರಿಕ ಸಂಹಿತೆಯ ಕುರಿತ ಸಂವಿಧಾನದ 44ನೇ ವಿಧಿ ಸತ್ತ ಅಕ್ಷರವಾಗಿ ಉಳಿದಿದೆ ಎಂದು ವಿಷಾದಿಸಿತು. ವಿವಾದ ಹೊತ್ತಿಕೊಂಡದ್ದು ಈ ಎರಡು ಕಡೆಯಿಂದ. ಅರ್ಜಿ ತೀರ್ಮಾನಕ್ಕೆ ಇವುಗಳ ಅಗತ್ಯ ಎಷ್ಟಿತ್ತು ಎಂಬುದರಲ್ಲಿ ನನಗೆ ಅನುಮಾನವಿದೆ. 125ನೇ ಕಲಮು ಕ್ರಿಮಿನಲ್ ಕಾನೂನಿನ ಭಾಗ. ನಿರ್ಗತಿಕತನವನ್ನೂ ಅಲೆದಾಟವನ್ನೂ ತಡೆಯಲು 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಮುಂದಿಟ್ಟ ಯೋಚನೆ ಅದರ ಬೇರು. ಹಸಿವಿನ ಎದುರು ಧರ್ಮ ಕೇಳದ ಕಲಮು ಅದು. ಈ ಮಾತನ್ನೂ ತೀರ್ಪು ಹೇಳುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಶಾ ಬಾನೊ ಅವರಿಗೆ ಒಳ್ಳೆಯದಾಗುತ್ತಿತ್ತು.

ಈಗ ಆದೇಶಕ್ಕೆ ಬರೋಣ. ಮೇಲ್ಮನವಿ ವಜಾ. ಹೈಕೋರ್ಟಿನ 179.20 ಊರ್ಜಿತ. ದೇಶದ ಅತ್ಯುನ್ನತ ನ್ಯಾಯಾಲಯ ಆಕೆಯ ತಿಂಗಳ ಮೊತ್ತಕ್ಕೆ ಒಂದು ಪೈಸೆಯನ್ನೂ ಸೇರಿಸಲಿಲ್ಲ, ಏಕೆಂದರೆ ಅಲ್ಲಿಗೆ ಬಂದವರು ಪತಿ. ಆಕೆ ಹೆಚ್ಚಳ ಕೇಳಿರಲಿಲ್ಲ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ 127ನೇ ಕಲಮಿನಡಿ ಹೆಚ್ಚಳಕ್ಕೆ ಮತ್ತೆ ಅರ್ಜಿ ಹಾಕಬಹುದು ಎಂದು ಪೀಠ ದಾರಿ ತೋರಿಸಿತು. ಜೊತೆಗೆ ಪತಿ ಆಕೆಗೆ 10,000 ರೂಪಾಯಿ ದಾವೆಯ ವೆಚ್ಚ ಕೊಡಬೇಕೆಂದಿತು. ಆ ವೆಚ್ಚ ಸುಮಾರು 56 ತಿಂಗಳ ಜೀವನಾಂಶಕ್ಕೆ ಸಮ.

ಮನೆ ಯಾರದು?

ಈ ಕಡತದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. 43 ವರ್ಷ ಆಕೆ ನಡೆಸಿದ ಆ ಮನೆಯಲ್ಲಿ ಆಕೆಯ ಪಾಲು ಎಷ್ಟು?

ಕೇಳಲಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಸೊನ್ನೆ. ನಮ್ಮ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಗಂಡ ಹೆಂಡಿರ ಆಸ್ತಿ ಒಂದಾಗುವುದಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಅಡುಗೆ, ಬಾಣಂತನ, ಅತ್ತೆ ಮಾವಂದಿರ ಸೇವೆ, ಮಕ್ಕಳ ಓದು ಇವೆಲ್ಲ ಸೇರಿ ಗಂಡ ದುಡಿಯುವುದಕ್ಕೆ ಬಿಡುವು ಕೊಟ್ಟವು ಎಂಬ ಲೆಕ್ಕಕ್ಕೆ ನೋಂದಣಿ ಕಚೇರಿಯಲ್ಲಿ ಕಾಲಂ ಇಲ್ಲ. ಮೆಹರ್, ಸ್ತ್ರೀಧನ, ತವರಿನವರು ಕೊಟ್ಟದ್ದು ಆಕೆಯದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಕೂಡ ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಯಂಥ ಆಸ್ತಿಯನ್ನು ಮಾತ್ರ ಮುಟ್ಟುತ್ತದೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯ ಬೇರುಳ್ಳ ಗೋವಾದಲ್ಲಿ ಮಾತ್ರ ಸಾಮಾನ್ಯವಾಗಿ ದಂಪತಿಯ ಆಸ್ತಿ ಇಬ್ಬರದೂ ಆಗಿರುತ್ತದೆ. ಕಾರವಾರದಿಂದ ಗಡಿ ದಾಟಿದರೆ ಸಾಕು, ಮನೆಯಾಕೆಯ ಹಕ್ಕು ಬದಲಾಗುತ್ತದೆ.

ಇದನ್ನು ಸರಿಪಡಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಹಿಂದೂ ಮತ್ತು ವಿಶೇಷ ವಿವಾಹ ಕಾಯ್ದೆಗಳಡಿ ವಿಚ್ಛೇದನವಾದಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟ್‌ನಲ್ಲಿ ಅಂಗೀಕರಿಸಿತ್ತು. ಲೋಕಸಭೆಯಲ್ಲಿ ಅದು ಪಾಸಾಗಲೇ ಇಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು, ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಡುಗೆಯೇ ಎಂದು ಒಪ್ಪಿ, ಗಂಡನ ಹೆಸರಿನಲ್ಲಿ ಕೊಂಡ ಆಸ್ತಿಯಲ್ಲಿ ಹೆಂಡತಿಗೆ ಸಮಪಾಲು ಕೊಟ್ಟಿತು. ಒಂದು ಹೈಕೋರ್ಟಿನ ಒಂದು ತೀರ್ಪು. ಆದರೂ ಅದನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ. ಜೀವನಾಂಶ ಎನ್ನುವುದು ನಿರ್ಗತಿಕಳಾಗದಿರಲು ಕೊಡುವ ಹಣ. ಪಾಲು ಎನ್ನುವುದು ದುಡಿದದ್ದಕ್ಕೆ ಸಲ್ಲುವ ಹಕ್ಕು. ಶಾ ಬಾನೊ ಅವರು ತನಗೆ ಸಲ್ಲಬೇಕಾದ ಎರಡನೆಯದಕ್ಕೆ ಬದಲಾಗಿ ಮೊದಲನೆಯದನ್ನು ಬೇಡುವ ಸ್ಥಿತಿಗೆ ಬಂದರು ಎಂಬುದೇ ನನ್ನ ಮಟ್ಟಿಗೆ ಈ ಪ್ರಕರಣದ ಒಡಲಿನಲ್ಲಿರುವ ಅನ್ಯಾಯ. ಅದಕ್ಕೆ ಧರ್ಮದ ಹೆಸರು ಹಚ್ಚಲು ಬರುವುದಿಲ್ಲ.

ಮಕ್ಕಳ ಸುಪರ್ದಿಯ ವಿಷಯ ಇಲ್ಲಿ ಬರಲಿಲ್ಲ, ಐವರೂ ಬೆಳೆದವರು. ಚಿಕ್ಕ ಮಕ್ಕಳಿದ್ದಿದ್ದರೆ ಮಗುವಿನ ಹಿತವನ್ನೇ ಮುಖ್ಯವಾಗಿ ನೋಡುವ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ ಬೇರೆಯೇ ವಿಚಾರಣೆ ನಡೆಯಬೇಕಿತ್ತು.

ತೀರ್ಪಿನ ನಂತರ

ಪ್ರತಿಭಟನೆಗಳು, ಮೆರವಣಿಗೆಗಳು, ಒತ್ತಡಗಳು. 1985ರ ಕೊನೆಯ ಹೊತ್ತಿಗೆ ಶಾ ಬಾನೊ ಅವರೇ ಈ ತೀರ್ಪು ತನಗೆ ಬೇಡವೆಂಬ ಬಹಿರಂಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಏಳು ವರ್ಷ ಮೂರು ನ್ಯಾಯಾಲಯಗಳಲ್ಲಿ ನಿಂತು ಗೆದ್ದ ಮುದುಕಿಯೊಬ್ಬಳು ಗೆದ್ದದ್ದನ್ನು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆರಳು ನೀಡಿದ ಆ ಗಳಿಗೆಯನ್ನು ಊಹಿಸಿಕೊಂಡರೆ ನನ್ನ ಗಂಟಲು ಕಟ್ಟುತ್ತದೆ. ಕಕ್ಷಿದಾರರು ಊರಿನ, ಕುಲದ, ಮಕ್ಕಳ ಒತ್ತಾಯಕ್ಕೆ ಅರ್ಜಿ ಹಿಂತೆಗೆದುಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ‘ಸಾಕು ಮೇಡಂ, ಬಿಟ್ಟುಬಿಡಿ’ ಎನ್ನುವಾಗ ಅವರು ನೆಲ ನೋಡುತ್ತಿರುತ್ತಾರೆ. ಶಾ ಬಾನೊ 1992ರಲ್ಲಿ ತೀರಿಕೊಂಡರು.

1986ರ ಮೇ ತಿಂಗಳಲ್ಲಿ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಮೇಲಿನ ಹಕ್ಕುಗಳ ರಕ್ಷಣೆ) ಕಾಯ್ದೆ ಬಂತು. ಅದು ತೀರ್ಪನ್ನು ಅಳಿಸಿಹಾಕಲು ಬಂದ ಕಾಯ್ದೆ ಎಂದೇ ಎಲ್ಲರೂ ತಿಳಿದರು. ಮಾಜಿ ಪತಿಯ ಹೊಣೆ ಇದ್ದತ್ತಿನೊಂದಿಗೆ ಮುಗಿಯುತ್ತದೆ, ಆಮೇಲೆ ಆಕೆಯ ವಾರಸುದಾರ ಬಂಧುಗಳು, ಅವರೂ ಕೈಲಾಗದಿದ್ದರೆ ವಕ್ಫ್ ಮಂಡಳಿ ನೋಡಿಕೊಳ್ಳಬೇಕು ಎಂಬುದು ಅದರ ಮೇಲ್ನೋಟದ ಅರ್ಥ. ಆದರೆ ಕಾಯ್ದೆಯ ಮೂರನೆಯ ಕಲಮಿನ ಪದಗಳನ್ನು ನಿಧಾನವಾಗಿ ಓದಬೇಕು. ಪತಿಯು ನ್ಯಾಯಯುತವಾದ ಏರ್ಪಾಟನ್ನೂ ಜೀವನಾಂಶವನ್ನೂ ಇದ್ದತ್ ಅವಧಿಯ ‘ಒಳಗೆ’ ಮಾಡಬೇಕು, ಕೊಡಬೇಕು ಎಂದಿದೆ. ಇದ್ದತ್ ಅವಧಿ‘ಗಾಗಿ’ ಎಂದಿಲ್ಲ. ಕೊಡಬೇಕಾದ ಗಡುವು ಇದ್ದತ್, ಆದರೆ ಏರ್ಪಾಟು ಮುಂದಿನ ಬದುಕಿಗೆಲ್ಲ. 1988ರಲ್ಲೇ ಕೇರಳ ಮತ್ತು ಗುಜರಾತ್ ಹೈಕೋರ್ಟುಗಳು ಹೀಗೆ ಓದಿದವು. ಇದೇ ಕಲಮು, ಮದುವೆಗೆ ಮುಂಚೆ, ಮದುವೆಯಲ್ಲಿ ಅಥವಾ ಆಮೇಲೆ ಬಂಧುಗಳೋ ಗೆಳೆಯರೋ ಗಂಡನ ಕಡೆಯವರೋ ಆಕೆಗೆ ಕೊಟ್ಟ ಆಸ್ತಿಯೆಲ್ಲ ಆಕೆಗೇ ಸೇರಬೇಕು ಎಂದೂ ಹೇಳುತ್ತದೆ.

ಶಾ ಬಾನೊ ಪರ ವಾದಿಸಿದ್ದ ದಾನಿಯಲ್ ಲತೀಫಿ ಅವರೇ ಈ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2001ರ ಸೆಪ್ಟೆಂಬರ್ 28ರಂದು ಬಂದ ತೀರ್ಪು ಕಾಯ್ದೆಯನ್ನು ಉಳಿಸಿಕೊಂಡು ಅದರ ಅರ್ಥವನ್ನು ಮಹಿಳೆಯ ಕಡೆಗೆ ತಿರುಗಿಸಿತು. ‘ಒಳಗೆ’ ಎಂಬ ಪದದ ಓದೇ ಅಲ್ಲಿಯೂ ಗೆದ್ದಿತು. ಪೀಠದ ಪರವಾಗಿ ತೀರ್ಪು ಬರೆದವರು ಬೆಂಗಳೂರಿನವರಾದ ಎಸ್. ರಾಜೇಂದ್ರ ಬಾಬು, ಅದೇ ಪೀಠದಲ್ಲಿ ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಶಿವರಾಜ ವಿ. ಪಾಟೀಲರೂ ಇದ್ದರು. 1985ರ ಪೀಠದ ಐವರಲ್ಲಿ ಒಬ್ಬರು ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯ. ಮುಂದೆ 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಬೆಂಗಳೂರಿನ ಒಂದು ಮದುವೆಯ ಕಥೆಯನ್ನು ಇಲ್ಲಿ ಸೇರಿಸದಿದ್ದರೆ ಮೇಲಿನದೆಲ್ಲ ದೂರದ ಇಂದೋರಿನ ಸುದ್ದಿಯಾಗಿ ಉಳಿದೀತು. 5,000 ರೂಪಾಯಿ ಮೆಹರಿನ ಮದುವೆ. ಕೆಲವೇ ತಿಂಗಳಲ್ಲಿ, 1991ರ ನವೆಂಬರ್‌ನಲ್ಲಿ, ತಲಾಖ್. ಗಂಡ ಬೇರೆ ಮದುವೆಯಾದರು. ಹೆಂಡತಿ 2002ರಲ್ಲಿ ದಾವೆ ಹೂಡಿದರು. 2011ರಲ್ಲಿ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಡಿಕ್ರಿ ಮಾಡಿತು. ಗಂಡ ಕೊಡಲಿಲ್ಲ, ಡಿಕ್ರಿಯನ್ನು ಜಾರಿಮಾಡಿಸಲು ಅಮಲ್ಜಾರಿ ಅರ್ಜಿ ಬಿತ್ತು, ತಕರಾರು ಬಿತ್ತು, ಹೈಕೋರ್ಟಿಗೆ ಹೋಯಿತು. 2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಮುಸ್ಲಿಂ ಮದುವೆ ಒಪ್ಪಂದವೇ ಆದರೂ ಅದು ಮುರಿದ ಮೇಲೂ ಕೆಲವು ಹೊಣೆಗಳು ಉಳಿಯುತ್ತವೆ ಎಂದು ಹೇಳಿ, ಇನ್ನೊಂದು ಮದುವೆಯಾಗಿ ಮಗುವಿದೆ ಎಂಬ ನೆಪವನ್ನು ಒಪ್ಪದೆ, 25,000 ರೂಪಾಯಿ ವೆಚ್ಚ ಹೇರಿ ಗಂಡನ ಅರ್ಜಿಯನ್ನು ವಜಾ ಮಾಡಿದರು. ದಾವೆ ಹೂಡಿ ಆಗಲೇ 19 ವರ್ಷ ಕಳೆದಿತ್ತು. ಆದೇಶ ಪಡೆಯುವುದು ಅರ್ಧ ಕೆಲಸ ಮಾತ್ರ ಎಂದು ನಾನು ಪ್ರತಿ ಕಕ್ಷಿದಾರರಿಗೂ ಮೊದಲ ದಿನವೇ ಹೇಳುತ್ತೇನೆ. 125ನೇ ಕಲಮಿನ ಆದೇಶವನ್ನು ಪಾಲಿಸದವನನ್ನು ಬಾಕಿ ಉಳಿದ ಪ್ರತಿ ತಿಂಗಳ ಮೊತ್ತಕ್ಕೆ ಒಂದು ತಿಂಗಳವರೆಗೆ ಜೈಲಿಗೆ ಕಳುಹಿಸಬಹುದು. ಕಾಗದದ ಮೇಲೆ ಇದು ಬಿರುಸಾಗಿದೆ. ವಾರಂಟು ಹಿಡಿದು ಹೋದ ಪೊಲೀಸರು ‘ಆಸಾಮಿ ಊರಲ್ಲಿಲ್ಲ’ ಎಂದು ಬರೆದು ಹಿಂದಿರುಗಿಸಿದರೆ ಮತ್ತೊಂದು ವಾಯಿದೆ.

2024ರ ಜುಲೈ 10ರಂದು ಅದೇ ಹಳೆಯ ಪ್ರಶ್ನೆ ಮತ್ತೊಮ್ಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತೆಲಂಗಾಣದ ಒಬ್ಬ ಪತಿಗೆ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 20,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಲು ಹೇಳಿತ್ತು. ಹೈಕೋರ್ಟು ಅದನ್ನು 10,000ಕ್ಕೆ ಇಳಿಸಿತ್ತು. 1986ರ ಕಾಯ್ದೆ ಇರುವಾಗ ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿಗೆ ಬರುವಂತಿಲ್ಲ ಎಂಬುದು ಆತನ ವಾದ. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸಿಹ್ ಪ್ರತ್ಯೇಕವಾಗಿ ಬರೆದು ಒಂದೇ ತೀರ್ಮಾನಕ್ಕೆ ಬಂದರು: 125 ಎಲ್ಲ ಮಹಿಳೆಯರದು, 1986ರ ಕಾಯ್ದೆ ಅದರ ಜೊತೆಗೆ ಸಿಗುವ ದಾರಿಯೇ ಹೊರತು ಅದಕ್ಕೆ ಬದಲಿಯಲ್ಲ. ನಾಗರತ್ನ ಅವರು ವೆಂಕಟರಾಮಯ್ಯನವರ ಮಗಳು. ಗೃಹಿಣಿಯ ದುಡಿಮೆಯ ಬಗ್ಗೆ ಬರೆಯುತ್ತ ಅವರು, ಗಂಡಂದಿರು ಜಂಟಿ ಬ್ಯಾಂಕ್ ಖಾತೆ ತೆರೆಯಬೇಕು, ಎಟಿಎಂ ಕಾರ್ಡನ್ನು ಹೆಂಡತಿಯ ಕೈಗೂ ಕೊಡಬೇಕು ಎಂದು ಸೂಚಿಸಿದರು. ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಪ್ರಸ್ತಾಪ ಓದಿದಾಗ ನನಗೆ ಬೀಗದ ಕೈ ಹಿಡಿಯದ ಎಲ್ಲ ಹೆಂಗಸರೂ ನೆನಪಾದರು.

ಆ ತೀರ್ಪು ಬರುವ ಹೊತ್ತಿಗೆ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು ಒಂಬತ್ತು ದಿನಗಳಾಗಿದ್ದವು, 125ನೇ ಕಲಮು 144 ಆಗಿತ್ತು. ಕೋರ್ಟಿನ ಪಡಸಾಲೆಯಲ್ಲಿ ಮಾತ್ರ ಈಗಲೂ ‘ಒನ್ ಟ್ವೆಂಟಿಫೈವ್ ಹಾಕಿದ್ದೀರಾ?’ ಎಂದೇ ಕೇಳುತ್ತಾರೆ. ವಿಚ್ಛೇದಿತ ಮುಸ್ಲಿಂ ಮಹಿಳೆಯರು ಬಂದರೆ ನಾನು 144ನೇ ಕಲಮನ್ನೂ 1986ರ ಕಾಯ್ದೆಯ ಮೂರನೆಯ ಕಲಮನ್ನೂ ಅವರೆದುರು ಬಿಡಿಸಿಟ್ಟು, ಯಾವುದರಿಂದ ಏನು ಸಿಗುತ್ತದೆ ಎಂದು ಹೇಳುತ್ತೇನೆ. ಆಮೇಲೆ ಪ್ರಮಾಣಪತ್ರದ ನಮೂನೆ ತೆರೆದು, ಬಾಡಿಗೆಯಿಂದ ಶುರುಮಾಡಿ ಒಂದೊಂದೇ ಅಂಕಿ ಬರೆದುಕೊಳ್ಳುತ್ತೇನೆ.